ಬಾಸ್ ಗಿಟಾರಿನ ದನಿ ಪೀಚಾಗಿದೆಯೇ? ಹೊಸ ಪಿಕಪ್ ಕೊಳ್ಳುವ ಮುನ್ನ ಇಷ್ಟು ನೋಡಿ

“ನನ್ನ ಬಾಸ್ ಸೌಂಡಿನಲ್ಲಿ ಮೈಯೇ ಇಲ್ಲ, ಯಾವ ಪಿಕಪ್ ಹಾಕಿಸಲಿ?” ಒಂದು ಕಾಲಕ್ಕೆ ಸಿಕ್ಕಸಿಕ್ಕವರನ್ನೆಲ್ಲ ನಾನು ಹೀಗೆ ಕೇಳುತ್ತಿದ್ದೆ. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ವಿದ್ಯುತ್ತಾಗಿಸುವ, ಅಯಸ್ಕಾಂತ ಮತ್ತು ತಂತಿಸುರುಳಿಯ ಭಾಗ. ಕೊನೆಗೆ ಪಿಕಪ್ ಕೊಂಡೂ ಬಿಟ್ಟೆ. ಎರಡು ರಾತ್ರಿ ಕೂತು ಬೆಸುಗೆ ಹಾಕಿದೆ. ದನಿ ಮೊದಲಿಗಿಂತ ಪೀಚಾಯಿತು. ಆ ಕತೆ ಮುಂದೆ ಬರುತ್ತದೆ. ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಕಾಸು ಬಿಚ್ಚದೆ ಆಗುವ ಕೆಲಸ, ಆಮೇಲೆ ಸ್ಕ್ರೂ ಡ್ರೈವರ್ ಕೆಲಸ, ಆಮೇಲೆ ತಂತಿ, ಕಟ್ಟಕಡೆಗೆ ಬೆಸುಗೆ. ಬಹಳ ಸಲ ಬೆಸುಗೆಯ ತನಕ ಹೋಗುವ ಪ್ರಮೇಯವೇ ಬರುವುದಿಲ್ಲ.

ಶುರು ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ದನಿ ಯಾವಾಗಿನಿಂದ ಹೀಗಿದೆ? ನಿನ್ನೆ ಚೆನ್ನಾಗಿದ್ದು ಇವತ್ತು ತೆಳುವಾಗಿದ್ದರೆ ಏನೋ ಕೆಟ್ಟಿದೆ. ತಿಂಗಳುಗಟ್ಟಲೆ ನಿಧಾನಕ್ಕೆ ಸೊರಗಿದ್ದರೆ ಮೊದಲ ಅನುಮಾನ ತಂತಿಯ ಮೇಲೆ. ಕೊಂಡ ದಿನದಿಂದಲೂ ಹಾಗೇ ಇದ್ದರೆ ಸೆಟಪ್ (ತಂತಿ, ಪಿಕಪ್ ಇತ್ಯಾದಿಗಳ ಹೊಂದಿಕೆ) ಸರಿಯಿಲ್ಲ, ಇಲ್ಲವೇ ವಾದ್ಯದ ಗುಣವೇ ಅಷ್ಟು. ಈ ಕೊನೆಯ ಸಂದರ್ಭದಲ್ಲಿ ಮಾತ್ರ ಅಪ್‌ಗ್ರೇಡ್ ಮಾತಿಗೆ ಅರ್ಥವಿದೆ.

ಇನ್ನೊಂದು ಕೆಲಸ. ನಾಲ್ಕೂ ತಂತಿ ಬರುವಂತೆ ಒಂದು ಸಣ್ಣ ಸಾಲು ನುಡಿಸಿ ರೆಕಾರ್ಡ್ ಮಾಡಿಡಿ. ಫೋನಿನ ಮೈಕ್ ಸಾಲದು, ಆಡಿಯೊ ಇಂಟರ್‌ಫೇಸ್ (ವಾದ್ಯವನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಇದ್ದರೆ ನೇರ ಅದಕ್ಕೇ ಸಿಕ್ಕಿಸಿ. ಅದರಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝೀ’ ಎಂದು ಬರೆದಿರುವ ಕಿಂಡಿಯನ್ನೇ ಬಳಸಿ. ಪ್ಯಾಸಿವ್ ಬಾಸನ್ನು (ಒಳಗೆ ಬ್ಯಾಟರಿ ಇಲ್ಲದ್ದನ್ನು) ಮಾಮೂಲಿ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ದನಿ ಸಣ್ಣಗಾಗಿ, ಮಂಕಾಗಿ ಬರುತ್ತದೆ. ಅದು ಗಿಟಾರಿನ ತಪ್ಪಲ್ಲ. ಪ್ರತಿ ಬದಲಾವಣೆಯಾದ ಮೇಲೂ ಅದೇ ಸಾಲನ್ನು ಮತ್ತೆ ನುಡಿಸಿ ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕಿವಿಯ ನೆನಪು ಹತ್ತು ನಿಮಿಷವೂ ನಿಲ್ಲುವುದಿಲ್ಲ, ಅದನ್ನು ನಂಬಬೇಡಿ.

ಲಕ್ಷಣ: ಒಬ್ಬರೇ ನುಡಿಸುವಾಗ ತುಂಬಿದ ದನಿ, ಬ್ಯಾಂಡ್ ಜೊತೆಗೆ ಮಾಯ

ಇದು ಎಲ್ಲಕ್ಕಿಂತ ಸಾಮಾನ್ಯ ದೂರು. ಇದಕ್ಕೆ ಪೈಸೆ ಖರ್ಚಿಲ್ಲ.

ಆಂಪ್ (ದನಿ ಜೋರು ಮಾಡುವ ಆಂಪ್ಲಿಫೈಯರ್) ನೋಡಿ. ಬಾಸ್ (ಕೆಳದನಿ) ಗುಂಡಿ ಮೇಲೆ, ಟ್ರೆಬಲ್ (ಮೇಲ್ದನಿ) ಮೇಲೆ, ಮಿಡ್ (ನಡುದನಿ) ಕೆಳಗೆ, ಅಲ್ವಾ? ಒಬ್ಬರೇ ಕೂತು ನುಡಿಸುವಾಗ ಇದು ಭರ್ಜರಿಯಾಗಿ ಕೇಳಿಸುತ್ತದೆ. ಡ್ರಮ್ಸ್ ಶುರುವಾದ ಕೂಡಲೇ ಕೆಳಗಿನ ಜಾಗವನ್ನು ಕಿಕ್ ಡ್ರಮ್ ಹಿಡಿಯುತ್ತದೆ, ಮೇಲಿನದನ್ನು ಸಿಂಬಲ್ ಹಿಡಿಯುತ್ತದೆ. ನಿಮ್ಮದು ಎಂದು ಉಳಿದಿದ್ದ ಮಧ್ಯದ ಜಾಗವನ್ನು ನೀವೇ ಇಳಿಸಿ ಬಿಟ್ಟುಕೊಟ್ಟಿದ್ದೀರಿ.

ಇಲ್ಲಿ ಒಂದು ವಿಷಯ ತಿಳಿದಿರಲಿ. ತೆರೆದ (ಎಲ್ಲೂ ಒತ್ತದೆ ನುಡಿಸಿದ) ಇ ತಂತಿಯ, ಅಂದರೆ ನಾಲ್ಕರಲ್ಲಿ ಅತಿ ದಪ್ಪ ತಂತಿಯ ಮೂಲ ಸ್ವರ 41 ಹರ್ಟ್ಸ್. ಆದರೆ ನಾವು ‘ದಪ್ಪ’ ಎಂದು ಕೇಳಿಸಿಕೊಳ್ಳುವುದು ಬಹುಪಾಲು ಅದರ ಮೇಲಿನ 82, 123 ಹರ್ಟ್ಸ್‌ಗಳ ಸ್ವರಾಂಶಗಳನ್ನು. ಚಿಕ್ಕ ಸ್ಪೀಕರ್ 41ನ್ನು ಹೊರಡಿಸುವುದೇ ಇಲ್ಲ. ಆದರೂ ಕಿವಿ ಮೇಲಿನವುಗಳನ್ನು ಕೇಳಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಹಾಗಾಗಿ 40ರ ಸುತ್ತ ಏರಿಸುತ್ತಾ ಹೋದರೆ ಆಂಪ್ ಸುಸ್ತಾಗುತ್ತದೆ, ದನಿ ತುಂಬುವುದಿಲ್ಲ. 3 ಡೆಸಿಬೆಲ್ ಏರಿಸಲು ಆಂಪ್ ಎರಡು ಪಟ್ಟು ಪವರ್ ಕೊಡಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು.

ಎಲ್ಲ ಗುಂಡಿಗಳನ್ನೂ ನಡುವಿಗೆ ತನ್ನಿ. ಬ್ಯಾಂಡ್ ನುಡಿಯುತ್ತಿರುವಾಗಲೇ ಲೋ-ಮಿಡ್ ಅನ್ನು, ಅಂದರೆ 200ರಿಂದ 400 ಹರ್ಟ್ಸ್ ಸುತ್ತಮುತ್ತ, ಸ್ವಲ್ಪ ಏರಿಸಿ. ಒಬ್ಬರೇ ಕೇಳಿದರೆ ಗೊಗ್ಗರು ಎನಿಸಬಹುದು. ಎನಿಸಲಿ ಬಿಡಿ, ಕೇಳುವವರಿಗೆ ನೀವು ಒಂಟಿಯಾಗಿ ಕೇಳಿಸುವುದಿಲ್ಲವಲ್ಲ.

ಅದೂ ಆಗದಿದ್ದರೆ ಎರಡು ಮೀಟರ್ ನಡೆದು ನೋಡಿ. ನಿಜವಾಗಿ. 41 ಹರ್ಟ್ಸ್ ಅಲೆಯ ಉದ್ದ ಎಂಟು ಮೀಟರಿಗಿಂತ ಜಾಸ್ತಿ. ಗೋಡೆಗೆ ಬಡಿದು ವಾಪಸಾಗುವ ಅಲೆ ಕೋಣೆಯ ಕೆಲವು ಕಡೆ ಎದುರು ಅಲೆಯನ್ನು ಅಳಿಸಿಹಾಕುತ್ತದೆ. ನೀವು ನಿಂತ ಜಾಗವೇ ಅಂಥದ್ದಾಗಿರಬಹುದು. ಕ್ಯಾಬಿನೆಟ್ಟನ್ನು (ಸ್ಪೀಕರ್ ಪೆಟ್ಟಿಗೆಯನ್ನು) ಗೋಡೆಯ ಹತ್ತಿರ, ಇಲ್ಲವೇ ಮೂಲೆಗೆ ಸರಿಸಿದರೆ ಕೆಳದನಿ ಎದ್ದು ಬರುತ್ತದೆ.

ಎರಡು ಕ್ಯಾಬಿನೆಟ್ ಸೇರಿಸಿದ ಮೇಲೆ ದನಿ ಕುಗ್ಗಿದೆಯೇ? ಹಾಗಾದರೆ ಒಂದರಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಆಂಪ್‌ನಿಂದ ಕೇಬಲ್ ಬಿಡಿಸಿ, ಅದರ ತುದಿಗೆ 1.5 ವೋಲ್ಟ್ ಸೆಲ್ ಅನ್ನು ಕ್ಷಣಮಾತ್ರ ತಾಗಿಸಿ ನೋಡಿ. ಎರಡರ ಕೋನ್‌ಗಳೂ ಒಂದೇ ದಿಕ್ಕಿಗೆ ಅಲುಗಬೇಕು.

ಲಕ್ಷಣ: ನಿನ್ನೆ ಸರಿ ಇತ್ತು, ಇವತ್ತು ಪೀಚು

ಬಾಸಿನಲ್ಲಿ ಬ್ಯಾಟರಿ ಇದೆಯೇ? ಇದ್ದರೆ ಮೊದಲು ಅದನ್ನೇ ಬದಲಿಸಿ. 9 ವೋಲ್ಟ್ ಬ್ಯಾಟರಿ ಸೊರಗಿದಾಗ ದನಿ ಒಮ್ಮೆಲೇ ನಿಲ್ಲುವುದಿಲ್ಲ. ಜೋರಾಗಿ ಹೊಡೆದಾಗ ಹರಿದಂತೆ ಕೇಳಿಸುತ್ತದೆ, ಕೆಳದನಿ ಸೋಲುತ್ತದೆ. ಮೀಟರಿನಲ್ಲಿ 8ಕ್ಕಿಂತ ಕೆಳಗೆ ತೋರಿಸಿದರೆ ಎಸೆಯಿರಿ. ಬಹುಪಾಲು ಆ್ಯಕ್ಟಿವ್ ಬಾಸ್‌ಗಳಲ್ಲಿ ಕೇಬಲ್ ಸಿಕ್ಕಿಸಿದ್ದರೆ ಸಾಕು, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡುವ ಅಭ್ಯಾಸ ಮಾಡಿಕೊಳ್ಳಿ.

ಆಮೇಲೆ ಕೇಬಲ್. ಬೇರೆ ಕೇಬಲ್ ಹಾಕಿ ನೋಡಿ, ಅಷ್ಟೇ. ಒಳಗಿನ ನಡುತಂತಿ ಕಿತ್ತುಹೋಗಿದ್ದರೂ ದನಿ ಸಂಪೂರ್ಣ ನಿಲ್ಲದೆ, ದೂರದಿಂದ ಬಂದಂತೆ ಟಿಣ್ ಟಿಣ್ ಎಂದು ಸೋರುವುದುಂಟು. ಬಾಸಿನ ಜ್ಯಾಕ್ ನಟ್ ಸಡಿಲವಾಗಿದ್ದರೆ ಬಿಗಿಮಾಡಿ. ಆದರೆ ನಟ್ ತಿರುಗಿಸುವಾಗ ಜ್ಯಾಕ್ ಒಳಗೂ ತಿರುಗದಂತೆ ಹಿಡಿದುಕೊಳ್ಳಿ. ಇಲ್ಲದಿದ್ದರೆ ಹಿಂದಿನ ವೈರ್ ತಿರುಚಿ ಕಿತ್ತುಬರುತ್ತದೆ. ಆಂಪ್ ಮುಂದಿನ, ಬರುವ ದನಿಯನ್ನು ತಗ್ಗಿಸುವ ‘ಪ್ಯಾಡ್’ ಅಥವಾ ‘ಆ್ಯಕ್ಟಿವ್’ ಗುಂಡಿಯನ್ನು ಯಾರಾದರೂ ಒತ್ತಿಬಿಟ್ಟಿದ್ದಾರೆಯೇ ಎಂದೂ ನೋಡಿ.

ಇದೆಲ್ಲ ಸರಿಯಿದ್ದರೆ ಪಿಕಪ್ ಒಳಗಿನ ಕಾಯಿಲ್ ಹೋಗಿರಬಹುದು. ಪ್ಯಾಸಿವ್ ಬಾಸ್ ಆದರೆ ಬಿಚ್ಚದೆಯೇ ಪರೀಕ್ಷಿಸಬಹುದು. ಕೇಬಲ್ಲಿನ ಒಂದು ತುದಿಯನ್ನು ಬಾಸಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಮೂತಿಗೂ ಮೈಗೂ ಮಲ್ಟಿಮೀಟರ್ ಕಡ್ಡಿ ಹಿಡಿಯಿರಿ. ಮೀಟರ್ 20 ಕಿಲೋ ಓಮ್‌ನಲ್ಲಿರಲಿ. ಜಾಝ್ ಬಾಸ್ ಮಾದರಿಯಲ್ಲಿ (ಎರಡು ಪಿಕಪ್, ತಲಾ ಒಂದು ವಾಲ್ಯೂಮ್ ಇರುವುದು) ಒಂದು ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ಪೂರ್ತಿ ಇಳಿಸಿದರೆ 7–8 ಕಿಲೋ ಓಮ್ ಆಸುಪಾಸು ಬರಬೇಕು. ಪ್ರಿಸಿಷನ್ ಬಾಸ್ ಮಾದರಿಯಲ್ಲಿ (ಒಂದೇ ಪಿಕಪ್ ಇರುವುದು) 10–11. ‘ಅಳತೆ ಮೀರಿದೆ’ ಎಂದು ಬಂದರೆ ಕಾಯಿಲ್ ತಂತಿ ತುಂಡಾಗಿದೆ, ಇಲ್ಲವೇ ಬೆಸುಗೆ ಬಿಟ್ಟಿದೆ. ಬೆಸುಗೆಯಾದರೆ ನೀವೇ ಹಾಕಬಹುದು. ಕಾಯಿಲ್ ತಂತಿ ಕೂದಲಿಗಿಂತ ಸಣ್ಣ. ಅದಕ್ಕೆ ಕೈಹಾಕಬೇಡಿ, ಪಿಕಪ್ ಸುತ್ತುವವರಿಗೆ ಕೊಡಿ.

ಲಕ್ಷಣ: ಒಂದು ತಂತಿ ಮಾತ್ರ ಸತ್ತಂತಿದೆ

ಹೊಸ ತಂತಿಯೇ, ಆದರೂ ‘ಧಂ’ ಎನ್ನುವ ಕಡೆ ‘ತಪ್’ ಎನ್ನುತ್ತದೆ. ಇ ತಂತಿಗೇ ಹೀಗಾಗುವುದು ಜಾಸ್ತಿ. ಎಷ್ಟೋ ಸಲ ತಪ್ಪು ತಂತಿ ಹಾಕಿದ ರೀತಿಯಲ್ಲೇ ಇರುತ್ತದೆ.

ಬ್ರಿಡ್ಜ್ (ದೇಹದ ಕಡೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ) ಹತ್ತಿರ ಬೆರಳಿಡಿ. ತಂತಿ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಮೇಲಿಂದ ನೇರವಾಗಿ ಇಳಿದು ಬರಬೇಕು. ದಪ್ಪ ತಂತಿ ಹಾಗೆ ಮಾಡದೆ ಕಮಾನಿನಂತೆ ಉಬ್ಬಿ ಬರುತ್ತದೆ. ಹಾಗಿದ್ದರೆ ಸ್ವರ ಎಲ್ಲಿಂದ ಶುರುವಾಗಬೇಕು ಎಂಬುದೇ ತಂತಿಗೆ ಗೊತ್ತಿಲ್ಲದಂತಾಗುತ್ತದೆ. ಸ್ಯಾಡಲ್‌ನ ಮುಂದೆಯೇ ಹೆಬ್ಬೆರಳಿನಿಂದ ಮೆತ್ತಗೆ ಕೆಳಕ್ಕೆ ಒತ್ತಿ. ನಟ್‌ನ ಮುಂದೆಯೂ ಹಾಗೇ ಮಾಡಿ (ಇದು ಬಿಗಿಮಾಡುವ ನಟ್ ಅಲ್ಲ, ನೆಕ್ ಎಂಬ ಉದ್ದ ಹಿಡಿಯ ತುದಿಯಲ್ಲಿ ತಂತಿ ಕೂರುವ ಕಿಂಡಿಗಳ ಪಟ್ಟಿ). ಶ್ರುತಿ ಒಂದಿಷ್ಟು ಇಳಿಯುತ್ತದೆ, ಮತ್ತೆ ಏರಿಸಿಕೊಳ್ಳಿ. ನಾನು ಮೊದಲ ಸಲ ಇದನ್ನು ಮಾಡಿದಾಗ ನಕ್ಕುಬಿಟ್ಟೆ. ಇಷ್ಟು ದಿನ ದೂರುತ್ತಿದ್ದ ತಂತಿ ಒಂದು ಒತ್ತಿಗೆ ಬಾಯಿಬಿಟ್ಟಿತ್ತು.

ಎರಡನೆಯದು ತಿರುಚು. ಟ್ಯೂನರ್ ಕಂಬಕ್ಕೆ ಸುತ್ತುವಾಗ ತಂತಿ ತನ್ನಷ್ಟಕ್ಕೆ ತಿರುಚಿಕೊಂಡಿದ್ದರೆ ದನಿ ಮಂಕಾಗುತ್ತದೆ, ಶ್ರುತಿಯೂ ತೂಗಾಡಿದಂತೆ ಕೇಳಿಸುತ್ತದೆ. ಸಡಿಲಿಸಿ, ಟ್ಯೂನರಿನಿಂದ ಬಿಡಿಸಿ, ತುದಿ ತಾನಾಗೇ ಸುತ್ತಿ ನಿಲ್ಲಲು ಬಿಟ್ಟು, ಮತ್ತೆ ಹಾಕಿ. ಸುತ್ತುಗಳು ಕಂಬದ ಮೇಲೆ ಕೆಳಮುಖವಾಗಿ ಇಳಿಯಲಿ, ಎರಡು ಮೂರು ಸಾಕು. ತಂತಿ ಕತ್ತರಿಸುವ ಮುನ್ನ ಕತ್ತರಿಸುವ ಜಾಗಕ್ಕಿಂತ ಒಳಗೆ ಚೂಪಾಗಿ ಬಗ್ಗಿಸಿ. ಹಾಗೆ ಮಾಡದಿದ್ದರೆ ಹೊರಸುತ್ತು ಒಳತಂತಿಯ ಮೇಲೆ ಜಾರಿ, ಹೊಸ ತಂತಿ ಹುಟ್ಟುವಾಗಲೇ ಸಾಯುತ್ತದೆ. ಕತ್ತರಿಸುವಾಗ ಕಣ್ಣಿಗೆ ಕನ್ನಡಕವಿರಲಿ, ತುಂಡು ಎಲ್ಲಿ ಹಾರುತ್ತದೋ ಹೇಳಲಾಗದು.

ಎಲ್ಲ ತಂತಿಯೂ ಒಟ್ಟಿಗೆ ಮಂಕಾಗಿದ್ದರೆ ಹಳೆಯದಾಗಿವೆ, ಬದಲಿಸಿ. ಆದರೆ ‘ಹಳೆ ತಂತಿ ಎಂದರೆ ಕೆಟ್ಟ ದನಿ’ ಎಂದು ತೀರ್ಮಾನಿಸಬೇಡಿ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬಾಸಿಗೆ ಹಾಕಿದ್ದು ಫ್ಲ್ಯಾಟ್‌ವೌಂಡ್ (ಹೊರಸುತ್ತು ಚಪ್ಪಟೆಯಾಗಿ ನುಣುಪಾಗಿರುವ) ತಂತಿ. ಅದನ್ನು ಬದಲಿಸುವ ಗೋಜಿಗೇ ಅವರು ಹೋಗುತ್ತಿರಲಿಲ್ಲ. ಹೊಳಪು ಹೋದ ಫ್ಲ್ಯಾಟ್‌ವೌಂಡ್‌ನಲ್ಲಿ ಮೂಲ ಸ್ವರವೇ ಮುಂದೆ ನಿಲ್ಲುತ್ತದೆ. ಹಳಸಿದ ರೌಂಡ್‌ವೌಂಡ್ (ಹೊರಸುತ್ತು ದುಂಡಗಿರುವ ತಂತಿ) ಹಾಗಲ್ಲ, ಅದರ ಸುತ್ತಿನ ಸಂದಿನಲ್ಲಿ ಬೆವರು, ಕೊಳೆ ತುಂಬಿ ತಂತಿ ಒಂದೇ ಸಮನಾಗಿ ಕಂಪಿಸುವುದನ್ನೇ ಬಿಡುತ್ತದೆ.

ತಂತಿ ಸರಿಯಿದ್ದೂ ಒಂದರ ಸದ್ದು ಮಾತ್ರ ಕಡಿಮೆ ಎಂದರೆ ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ಟಿನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್) ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ ಮೇಲಿನ ಅಯಸ್ಕಾಂತದ ತನಕ ಅಳೆಯಿರಿ. ಇ ಕಡೆ ಸುಮಾರು 3 ಮಿ.ಮೀ., ಜಿ (ಅತಿ ತೆಳು ತಂತಿ) ಕಡೆ 2.5 ಮಿ.ಮೀ.ನಿಂದ ಶುರು ಮಾಡಿ. ದೂರವಿದ್ದರೆ ದನಿ ಸಣ್ಣ. ಹತ್ತಿರ ತಂದಷ್ಟೂ ದಪ್ಪವಾಗುತ್ತದೆ, ಆದರೆ ಒಂದು ಮಿತಿ ದಾಟಿದರೆ ಅಯಸ್ಕಾಂತವೇ ತಂತಿಯನ್ನು ಎಳೆಯುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತೇಲಾಡಿದಂತೆ ಕೇಳಿಸಿದರೆ ಜಾಸ್ತಿಯಾಯಿತು ಎಂದರ್ಥ, ಅರ್ಧ ಸುತ್ತು ಇಳಿಸಿ.

ಪ್ರಿಸಿಷನ್ ಮಾದರಿಯಲ್ಲಿ ಎರಡು ತಂತಿ ಮಾತ್ರ ಕ್ಷೀಣ, ಇನ್ನೆರಡು ಸರಿ ಎಂದರೆ ಎತ್ತರ ಸರಿಮಾಡುತ್ತಾ ಕೂರಬೇಡಿ. ಅದರ ಪಿಕಪ್ ಎರಡು ತುಂಡು, ತುಂಡಿಗೆ ಎರಡು ತಂತಿ. ಒಂದು ತುಂಡು ಶಾರ್ಟ್ ಆಗಿದ್ದರೆ ಮೀಟರ್ ಸುಮಾರು ಅರ್ಧದಷ್ಟೇ ತೋರಿಸುತ್ತದೆ.

ಲಕ್ಷಣ: ಟಕಟಕ ಎನ್ನುತ್ತದೆ, ಸ್ವರ ನಿಲ್ಲುವುದಿಲ್ಲ

ತಂತಿ ಫ್ರೆಟ್ಟಿಗೆ ಬಡಿಯುತ್ತಿದೆ. ಬಡಿದಾಗಲೆಲ್ಲ ತಂತಿಯ ಬಲ ಅಲ್ಲೇ ಸೋರಿಹೋಗುತ್ತದೆ. ಮೊದಲು ಸೊರಗುವುದು ಕೆಳದನಿಯೇ. ಮೆತ್ತಗೆ ನುಡಿಸಿ, ಆಂಪ್ ಜೋರು ಮಾಡಿ ನೋಡಿ. ದನಿ ತುಂಬಿಕೊಂಡರೆ ತೊಂದರೆ ಕೈಯದು, ವಾದ್ಯದ್ದಲ್ಲ. ಹಾಗೇ, ಬೆರಳು ಬ್ರಿಡ್ಜ್ ಪಕ್ಕದಲ್ಲಿದ್ದರೆ ನೆಕ್ ಕಡೆಗೆ ಒಂದು ಗೇಣು ಸರಿಸಿ. ಬೆರಳ ತುದಿಯ ಬದಲು ಬೆರಳ ಮಾಂಸದಿಂದ ಎಳೆಯಿರಿ. ಸುಮ್ನೆ ಹೇಳುತ್ತಿಲ್ಲ, ಇಷ್ಟರಿಂದ ಆಗುವ ವ್ಯತ್ಯಾಸ ಹೊಸ ಪಿಕಪ್ಪಿನ ವ್ಯತ್ಯಾಸಕ್ಕಿಂತ ದೊಡ್ಡದು.

ಆದರೂ ಬಡಿದರೆ ನೆಕ್ ಬಾಗು ಅಳೆಯಿರಿ. ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ದೇಹಕ್ಕೆ ಸೇರುವ ಫ್ರೆಟ್ಟಿನಲ್ಲಿ ಇ ತಂತಿ ಒತ್ತಿ. 7–8ನೇ ಫ್ರೆಟ್ ಮೇಲೆ ಸುಮಾರು 0.35 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ (ನೆಕ್ ಒಳಗೆ ಬಾಗು ಹೊಂದಿಸುವ ಸರಳು) ಸಡಿಲಿಸಬೇಕು. ಸರಿಯಾದ ಅಳತೆಯ ಅಲೆನ್ ಕೀ ಬಳಸಿ, ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಗಟ್ಟಿಯಾಗಿ ಹಿಡಿದಿದ್ದರೆ, ಕಿರ್ರ್ ಎಂದರೆ, ಕೀ ಜಾರಿದರೆ ಅಲ್ಲಿಗೆ ನಿಲ್ಲಿಸಿ. ಮುರಿದ ಟ್ರಸ್ ರಾಡ್ ಎಂದರೆ ಕೆಲವೊಮ್ಮೆ ಹೊಸ ನೆಕ್ಕೇ ಗತಿ. ನೆಕ್ ಸರಿಯಿದ್ದರೆ ಸ್ಯಾಡಲ್ ಏರಿಸಿ. 17ನೇ ಫ್ರೆಟ್ ಮೇಲೆ ಇ ತಂತಿ 2.4 ಮಿ.ಮೀ., ಜಿ ತಂತಿ 2 ಮಿ.ಮೀ. ಇದ್ದರೆ ಶುರುವಿಗೆ ಒಳ್ಳೆಯದು.

ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಒಂದೇ ಒಂದು ಸ್ವರ ಬೇಗ ಸಾಯುತ್ತದೆಯೇ? ಅದು ಡೆಡ್ ಸ್ಪಾಟ್. ಆ ಸ್ವರಕ್ಕೆ ನೆಕ್ ತಾನೂ ಜೊತೆಗೆ ಕಂಪಿಸಿ ತಂತಿಯ ಬಲ ಕುಡಿಯುತ್ತದೆ. ಹೆಡ್‌ಸ್ಟಾಕ್‌ಗೆ (ಟ್ಯೂನರ್‌ಗಳಿರುವ ತುದಿಗೆ) ಒಂದು ಸಣ್ಣ ಕ್ಲ್ಯಾಂಪ್ ಕಚ್ಚಿಸಿ ನೋಡಿ, ತೂಕ ಬದಲಾದರೆ ಡೆಡ್ ಸ್ಪಾಟ್ ಜಾಗ ಬದಲಿಸುತ್ತದೆ. ಪಿಕಪ್ ಬದಲಿಸಿದರೆ ಇದು ಹೋಗುವುದಿಲ್ಲ.

ಲಕ್ಷಣ: ಒಂದೊಂದೇ ಪಿಕಪ್ ಚೆನ್ನ, ಎರಡೂ ಸೇರಿದರೆ ಟೊಳ್ಳು

ನನ್ನ ಕತೆ ಇದೇ. ಎರಡು ಬೇರೆ ಬೇರೆ ಕಡೆಯ ಪಿಕಪ್ ತಂದು ಜಾಝ್ ಮಾದರಿಯ ಬಾಸಿಗೆ ಹಾಕಿದ್ದೆ. ನೆಕ್ ಪಿಕಪ್ ಒಂದೇ ಕೇಳಿದರೆ ಹಿತವಾಗಿತ್ತು. ಬ್ರಿಡ್ಜ್ ಪಿಕಪ್ಪೂ ಅದರ ಮಟ್ಟಿಗೆ ಸರಿ. ಎರಡನ್ನೂ ಪೂರ್ತಿ ಏರಿಸಿದಾಗ ಮಾತ್ರ ಮೂಗಿನಿಂದ ಮಾತಾಡಿದಂಥ ದನಿ, ಕೆಳಗೆ ಏನೂ ಇಲ್ಲ. ಪಿಕಪ್ಪೇ ಕೆಟ್ಟದ್ದು ಎಂದು ಎರಡು ವಾರ ಬೈದುಕೊಂಡೆ.

ಒಂದು ದಿನ ಬ್ರಿಡ್ಜ್ ವಾಲ್ಯೂಮ್ ಕೈತಾಗಿ ಸ್ವಲ್ಪ ಇಳಿಯಿತು. ಅಷ್ಟಕ್ಕೇ ಬಾಸ್ ಧುಮ್ಮನೆ ವಾಪಸ್ ಬಂತು! ಸುಳಿವು ಅದೇ. ಒಂದನ್ನು ಇಳಿಸಿದರೆ ದನಿ ದಪ್ಪವಾಗುತ್ತದೆ ಎಂದರೆ ಎರಡೂ ಒಂದನ್ನೊಂದು ಅಳಿಸುತ್ತಿವೆ. ಫೇಸ್ (ಅಲೆಯ ಏರಿಳಿತದ ದಿಕ್ಕು) ಒಂದರದ್ದು ತಲೆಕೆಳಗಾಗಿದೆ. ಎರಡೂ ಪಿಕಪ್ ಪೂರ್ತಿ ಏರಿಸಿದಾಗ ಮಧ್ಯದ ದನಿ ಕೊಂಚ ಇಳಿಯುವುದು, ಗುಂಯ್ ಸದ್ದು ನಿಲ್ಲುವುದು ಸಹಜ. ಕೆಳದನಿಯೇ ಹೋಗುವುದು ಸಹಜವಲ್ಲ.

ಖಾತ್ರಿ ಮಾಡಿಕೊಳ್ಳಲು ಪಿಕಪ್ ವೈರಿಗೆ ಮೀಟರ್ ಹಿಡಿದು ಓಮ್ ಅಳತೆ ನೋಡಿ. ಸ್ಕ್ರೂ ಡ್ರೈವರ್ ತುದಿಯನ್ನು ಅಯಸ್ಕಾಂತಕ್ಕೆ ಮೆತ್ತಗೆ ತಾಗಿಸಿ, ಸರಕ್ಕನೆ ಎತ್ತಿ. ಅಂಕಿ ಕ್ಷಣಕಾಲ ಮೇಲಕ್ಕೋ ಕೆಳಕ್ಕೋ ಹಾರುತ್ತದೆ. ಎರಡೂ ಪಿಕಪ್ಪಿನಲ್ಲಿ ಒಂದೇ ಕಡೆಗೆ ಹಾರಬೇಕು. ಬೇರೆ ಬೇರೆಯಾದರೆ ಯಾವುದಾದರೂ ಒಂದು ಪಿಕಪ್ಪಿನ ಎರಡು ವೈರ್ ಅದಲುಬದಲು ಮಾಡಿದರಾಯಿತು. ವೈರ್ ಬಣ್ಣದ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ನಾನು ಮೋಸಹೋಗಿದ್ದು ಅಲ್ಲೇ. ಪಿಕಪ್ಪಿಗೆ ಲೋಹದ ಮುಚ್ಚಳವಿದ್ದು ಅದು ಗ್ರೌಂಡ್ ವೈರಿಗೆ ಸೇರಿದ್ದರೆ ಮೊದಲು ಅದನ್ನು ಬೇರ್ಪಡಿಸಿ. ಹಾಗೆ ಮಾಡದಿದ್ದರೆ ಮುಚ್ಚಳ ಮುಟ್ಟಿದಾಗಲೆಲ್ಲ ಗುಂಯ್ ಎನ್ನುತ್ತದೆ.

ಎಲ್ಲ ಸರಿಯಿದೆ, ಆದರೂ ಇನ್ನಷ್ಟು ಬೇಕು

ಈಗ ಅಪ್‌ಗ್ರೇಡ್ ಮಾತಾಡೋಣ. ನಾನಾದರೆ ಮೊದಲು ತಂತಿಗೆ ಖರ್ಚು ಮಾಡುತ್ತೇನೆ. 45–105 ದಪ್ಪದಳತೆಯ ರೌಂಡ್‌ವೌಂಡ್ ಇದ್ದರೆ ಫ್ಲ್ಯಾಟ್‌ವೌಂಡ್ ಹಾಕಿ ನೋಡುತ್ತೇನೆ. ಎಳೆತ ಬದಲಾಗುವುದರಿಂದ ನೆಕ್ ಬಾಗು, ಸ್ಯಾಡಲ್ ಮತ್ತೆ ನೋಡಬೇಕು, ದಪ್ಪ ತಂತಿಗೆ ನಟ್ ಕಿಂಡಿ ಸಾಲದೆ ಹೋಗಬಹುದು. ನಟ್ ಅರೆಯುವುದನ್ನು ಮಾತ್ರ ತಿಳಿದವರಿಗೆ ಬಿಡಿ, ಅರೆದದ್ದು ವಾಪಸ್ ಬರುವುದಿಲ್ಲ.

ಎರಡನೆಯದು, ಎರಡು ಪಿಕಪ್ ಇರುವ ಪ್ಯಾಸಿವ್ ಬಾಸಿಗೆ ಸೀರೀಸ್ ಸ್ವಿಚ್. ಪ್ಯಾರಲಲ್‌ನಲ್ಲಿರುವ (ಅಕ್ಕಪಕ್ಕ ಜೋಡಿಸಿದ) ಪಿಕಪ್‌ಗಳನ್ನು ಒಂದರ ಹಿಂದೊಂದು ಜೋಡಿಸಿದರೆ ದನಿ ಜೋರಾಗುತ್ತದೆ, ಲೋ-ಮಿಡ್ ತುಂಬುತ್ತದೆ, ಮೇಲಿನ ಚೂಪು ತಗ್ಗುತ್ತದೆ. ಒಂದು ಪುಶ್-ಪುಲ್ ಪಾಟ್ (ಎಳೆದರೆ ಸ್ವಿಚ್ಚಾಗುವ ಗುಂಡಿ) ಬೆಲೆಗೆ ಸಿಗುವ ಇಷ್ಟು ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ಆಮೇಲೆ ಪಿಕಪ್, ಅದರ ನಂತರ ಪ್ರೀಆಂಪ್ (ಬಾಸಿನೊಳಗೇ ಕೂರುವ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್). 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಾಸ್ ಆದಮೇಲೆ ಬಾಸಿನೊಳಗೆ ಪ್ರೀಆಂಪ್ ಮಾಮೂಲಾಯಿತು. ಅದು ಇರುವ ದನಿಯನ್ನು ಏರಿಸಬಲ್ಲದು. ತಂತಿಯಲ್ಲೇ ಇಲ್ಲದ್ದನ್ನು ಎಲ್ಲಿಂದ ತಂದೀತು? ಟೋನ್ ಕೆಪಾಸಿಟರ್ (ಟೋನ್ ಗುಂಡಿ ಇಳಿಸಿದಾಗ ಮೇಲ್ದನಿ ತಗ್ಗಿಸುವ ಭಾಗ) ಬದಲಿಸಿದರೆ ದಪ್ಪವಾಗುತ್ತದೆ ಎನ್ನುವವರಿದ್ದಾರೆ. ಟೋನ್ ಗುಂಡಿ ಪೂರ್ತಿ ತೆರೆದಿದ್ದರೆ 0.047 ಆಗಲಿ 0.1 ಮೈಕ್ರೋಫ್ಯಾರಡ್ ಆಗಲಿ ಕಿವಿಗೆ ಒಂದೇ. ಭಾರದ ಬ್ರಿಡ್ಜ್ ಬಗ್ಗೆಯೂ ನನಗೆ ಅಂಥ ನಂಬಿಕೆಯಿಲ್ಲ, ನೋಡಲು ಚೆನ್ನಾಗಿರುತ್ತದೆ.

ಗಿಟಾರ್ ಆಂಪ್‌ನಲ್ಲಿ ಬಾಸ್ ನುಡಿಸುತ್ತಿದ್ದರೆ ಮೇಲಿನ ಯಾವುದೂ ಬೇಡ, ಬಾಸ್ ಆಂಪ್ ತನ್ನಿ. ಜೋರಾಗಿ ನುಡಿಸಿದರೆ ಗಿಟಾರ್ ಸ್ಪೀಕರಿನ ಕೋನ್ ಹರಿಯುವ ಅಪಾಯವೂ ಇದೆ.

ಇಲ್ಲಿ ಕೈ ತೆಗೆಯಿರಿ

ತಂತಿ ಮುಟ್ಟಿದಾಗ ಗುಂಯ್ ನಿಂತರೆ ಹೆದರಬೇಡಿ, ಗ್ರೌಂಡ್ ಕೆಲಸ ಮಾಡುತ್ತಿದೆ. ತಂತಿ ಮತ್ತು ಮೈಕ್ ಎರಡನ್ನೂ ಮುಟ್ಟಿದಾಗ ಜುಮ್ ಎಂದರೆ ಮಾತ್ರ ತಕ್ಷಣ ಆಂಪ್‌ನ ಪ್ಲಗ್ ಕೀಳಿ. ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ನೋಡುವ ತನಕ ನುಡಿಸಬೇಡಿ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ಆತ್ಮಹತ್ಯೆಗೆ ಸಮ. ವಾಲ್ವ್ ಆಂಪ್ (ಗಾಜಿನ ಟ್ಯೂಬ್ ಇರುವ ಆಂಪ್) ಒಳಗೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ, ಅದರ ಮುಚ್ಚಳ ತೆಗೆಯುವ ಯೋಚನೆಯೇ ಬೇಡ. ಸ್ಪೀಕರ್ ಸೇರಿಸದೆ ಅದನ್ನು ಆನ್ ಮಾಡಲೂಬೇಡಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ವಾದ್ಯದ ಮೈಗೆ ಹಳೆ ಬಟ್ಟೆ ಹೊದಿಸಿ.

ರಿಪೇರಿಯವರಿಗೆ ಕೊಡುವಾಗ ತಂತಿ ತೆಗೆಯದೆ, ನೀವು ಬಳಸುವ ಕೇಬಲ್ ಸಮೇತ ಕೊಡಿ. ‘ದನಿ ಪೀಚು’ ಎಂದಷ್ಟೇ ಹೇಳಬೇಡಿ. ಯಾವ ತಂತಿ, ಯಾವ ಫ್ರೆಟ್, ಯಾವ ಪಿಕಪ್, ಗುಂಡಿಗಳು ಎಲ್ಲಿದ್ದಾಗ ಎಂದು ಚೀಟಿಯಲ್ಲಿ ಬರೆದು ಕೊಡಿ. ಮೊದಲ ದಿನ ಮಾಡಿಟ್ಟ ರೆಕಾರ್ಡಿಂಗ್ ಅನ್ನೂ ಕೇಳಿಸಿ.